ಸೈಗಾನಿನಲ್ಲಿ ಕುದುರದ ಹಲ್ಲಿನ ವ್ಯಾಪಾರ

ಹೊಸಕೋಟೆ

ವಿಯೆಟ್ನಾಮಿಗೆ ಹೋಗಿ ಏನೇನು ನೋಡಿಕೊಂಡು ಬಂದೆ ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ಸಮುದ್ರ ನೋಡಿದೆಯಾ, ಹಾವು ತಿನ್ನುತ್ತಾರಂತೆ ನಿಜವಾ ಅನ್ನುತ್ತಾರೆ. ನಾನು ಅಲ್ಲಿ ಸರಿಯಾಗಿ ನೋಡಿದ್ದು ಒಂದೇ, ನನ್ನ ಹೆಂಡತಿಯ ಬಾಯಿ. ಮದುವೆಯಾಗಿ ಮೂವತ್ತೊಂದು ವರ್ಷವಾದ ಮೇಲೆ ಅದನ್ನು ನೋಡಲು ನಾನು ವಿಮಾನ ಹತ್ತಬೇಕಾಯಿತು.

ಬಾಯಿ ನೋಡುವುದು ಒಂದು ಕಾಲಕ್ಕೆ ನನ್ನ ಕಸುಬೇ ಆಗಿತ್ತು. ನಾನು ಸಮೇತನಹಳ್ಳಿ ಕಡೆಯವನು. ಮೀಸೆ ಮೂಡುವ ಮೊದಲೇ ದನದ ಸಂತೆಯಲ್ಲಿ ದಲ್ಲಾಳಿಗಳ ಹಿಂದೆ ತಿರುಗಿ, ಆಮೇಲೆ ನಾನೇ ದಲ್ಲಾಳಿಯಾದೆ. ಮೂಗುದಾರ ಹಿಡಿದು ಕೆಳತುಟಿ ಜಗ್ಗಿದರೆ ಎತ್ತಿನ ವಯಸ್ಸು ಗೊತ್ತಾಗುತ್ತದೆ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು. ಮಾರುವವನು ಎಷ್ಟೇ ಸುಳ್ಳು ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ವ್ಯಾಪಾರವನ್ನು ಬಾಯಲ್ಲಿ ಆಡುವ ಪದ್ಧತಿಯಿಲ್ಲ. ಇಬ್ಬರ ಕೈ ಮೇಲೆ ಟವಲ್ ಮುಚ್ಚಿಕೊಂಡು ಒಳಗೆ ಬೆರಳು ಹಿಡಿದು ರೇಟು ಕೇಳಬೇಕು. ಒಂದು ಬೆರಳು ಹಿಡಿದರೆ ಒಂದು, ಐದನ್ನೂ ಹಿಡಿದರೆ ಐದು, ಬಿಟ್ಟು ಮತ್ತೆ ಐದೂ ಹಿಡಿದರೆ ಹತ್ತು. ಸುತ್ತ ನಿಂತವರಿಗೆ ಟವಲ್ ಅಲ್ಲಾಡುವುದು ಕಾಣಬೇಕೇ ಹೊರತು ರೇಟು ತಿಳಿಯಬಾರದು. ಈಗ ಎತ್ತು ಕಟ್ಟುವವರು ಎಲ್ಲಿದ್ದಾರೆ? ಹೊಸಕೋಟೆಯಲ್ಲಿ ಹಳೆ ಟ್ರಾಕ್ಟರು, ಟಿಲ್ಲರು ತಂದು ಮಾರುತ್ತೇನೆ. ಟವಲ್ ಮಾತ್ರ ಹೆಗಲ ಮೇಲೆ ಉಳಿದಿದೆ.

ಚೌಕಾಶಿ ಹೇಗೆ ಮಾಡಬೇಕೆಂದು ನನ್ನನ್ನು ಕೇಳಿಕೊಂಡು ಬರುವವರಿದ್ದಾರೆ. ಕೇಳದವರಿಗೂ ಹೇಳಿದ್ದೇನೆ. ಬೆಳಿಗ್ಗೆ ಬೋಣಿಗೆ ಹೋಗಿ, ಮೊದಲ ಗಿರಾಕಿಯನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಪಟ್ಟಿ ಬರೆದುಕೊಟ್ಟರೆ ಪೆನ್ನು ಈಸಿಕೊಂಡು ನಿಮಗೆ ಅರ್ಥವಾಗದ ಬಾಬ್ತನ್ನು ಹೊಡೆದುಹಾಕಿ, ಅವರ ಲಾಭ ಅಲ್ಲೇ ಕೂತಿರುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಎದ್ದು ಹೊರಡಿ. ಹತ್ತು ಹೆಜ್ಜೆಯೊಳಗೆ ಕರೆಯುತ್ತಾರೆ. ತಿರುಗಿ ಮಾತ್ರ ನೋಡಬೇಡಿ.

ನನ್ನ ಹೆಂಡತಿ ರತ್ನಮ್ಮನಿಗೆ ಎಡಗಡೆಯ ಕೆಳಹಲ್ಲು ಎರಡು ಬಿದ್ದಿದ್ದವು, ಮೂರು ಅಲ್ಲಾಡುತ್ತಿದ್ದವು. ಎಲೆಯಡಿಕೆಗೆ ಕಡ್ಡಿಪುಡಿ ಹೊಗೆಸೊಪ್ಪು ಸೇರಿಸಿ ಹಾಕುವ ಅಭ್ಯಾಸ ಅವಳಿಗೆ ಮದುವೆಗೆ ಮುಂಚಿನಿಂದಲೂ ಇತ್ತು. ಹೊಸಕೋಟೆಯ ಹಲ್ಲಿನ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ನೋಡಿದವಳೇ ರತ್ನಮ್ಮನನ್ನು ಎಕ್ಸರೇಗೆ ಪಕ್ಕದ ಕೋಣೆಗೆ ಕಳಿಸಿ, ನನ್ನ ಮುಂದೆ ಪಟ್ಟಿ ಇಟ್ಟಳು.

“ಹಲ್ಲು ಆಮೇಲೆ ಕಟ್ಟೋಣ ಸಾರ್. ಒಳಗೆ ಕೆನ್ನೆ ಹತ್ರ ಒಂದು ಹುಣ್ಣಿದೆ. ಮೊದ್ಲು ಅದ್ರಿಂದ ಚೂರು ತೆಗ್ದು ಟೆಸ್ಟಿಗೆ ಕಳಿಸ್ಬೇಕು.”

“ಹಲ್ಲು ಚುಚ್ಚಿ ಹುಣ್ಣಾಗೈತೆ. ಹಲ್ಲು ಕಿತ್ರೆ ಹುಣ್ಣೂ ಹೋಯ್ತದೆ. ನೀವು ಹಲ್ಲಿನ ರೇಟು ಹೇಳ್ರಮ್ಮ.”

ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನೀವು ಅದನ್ನೇ ಹಿಡಿದು ಚೌಕಾಶಿಗೆ ನಿಲ್ಲುತ್ತೀರಿ. ನಾನು ನಕ್ಕೆ. “ಮುದ್ದೆ ನುಂಗೋಕೆ ಹಲ್ಲೇ ಬೇಡ ಡಾಕ್ಟ್ರೇ. ನಾನು ಕಟ್ಟಿಸ್ತೀನಿ ಅಂತಿರೋದೇ ದೊಡ್ಡದು” ಎಂದು ಅವಳ ಪೆನ್ನು ತೆಗೆದುಕೊಂಡು, ಟೆಸ್ಟು ಎಂದಿದ್ದ ಸಾಲಿನ ಮೇಲೆ ಗೀಟು ಎಳೆದೆ. “ಇದನ್ ಬಿಟ್ಟು ಹೇಳಿ.”

“ಅದನ್ ಬಿಟ್ರೆ ನಾನು ಕೆಲಸಾನೇ ಮಾಡಲ್ಲ ಸಾರ್.”

ಎದ್ದು ಹೊರಟೆ. ನಾಲ್ಕನೇ ಹೆಜ್ಜೆಗೆ ಕರೆದಳು. ನಾನು ತಿರುಗಲಿಲ್ಲ. “ಸಾರ್, ಹಲ್ಲು ನನ್ ಹತ್ರ ಕಟ್ಟಿಸ್ಲೇಬೇಡಿ. ಟೆಸ್ಟ್ ಮಾತ್ರ ಎಲ್ಲಾದ್ರೂ ಮಾಡ್ಸಿ” ಅಂದಳು. ಟೆಸ್ಟು ಮಾಡುವವರಿಂದ ಇವಳಿಗೆ ಕಮಿಷನ್ ಬರುತ್ತಿರಬೇಕು ಅಂದುಕೊಂಡೆ. ನಾನು ಬದುಕಿದ್ದೇ ಕಮಿಷನ್ ಮೇಲೆ. ನನಗೆ ಇನ್ನೇನು ಹೊಳೆದೀತು?

ಹೊರಗೆ ಬಂದಾಗ ರತ್ನಮ್ಮ ಕೇಳಿದಳು. “ಏನಂದ್ರು?”

“ಹಲ್ಲು ಕಟ್ಬೇಕಂತೆ. ರೇಟು ಜಾಸ್ತಿ. ಬೇರೆ ಕಡೆ ನೋಡಾಣ.”

ಟೆಸ್ಟಿನ ಮಾತು ಎತ್ತಲಿಲ್ಲ. ನನ್ನ ಕೈಲಿದ್ದ ಪಟ್ಟಿಯ ಕಾಗದವನ್ನು ಅವಳು ಮಡಿಸಿ, ಎಕ್ಸರೇ ಜೊತೆ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

ದೇವನಹಳ್ಳಿ

ವಿಯೆಟ್ನಾಮಿನ ದಾರಿ ತೋರಿಸಿದ್ದು ದೇವನಹಳ್ಳಿ ಪಕ್ಕದ ವಿಜಯಪುರದ ಒಬ್ಬ ಗಿರಾಕಿ. ಟಿಲ್ಲರು ನೋಡಲು ಬಂದವನು ತನ್ನ ಭಾವಮೈದ ಅಲ್ಲಿ ಬಾಯಿತುಂಬ ಹಲ್ಲು ಕಟ್ಟಿಸಿಕೊಂಡು ಬಂದ ಕಥೆ ಹೇಳಿದ. “ಟಿಕೆಟ್ಟು ಸೇರಿಸಿದ್ರೂ ಇಲ್ಲಿಗಿಂತ ಕಮ್ಮಿ ಬಿತ್ತು ಕಣಣ್ಣ. ಊರೂ ನೋಡ್ದಂಗಾಯ್ತು.” ನನಗೆ ಅಷ್ಟು ಸಾಕಾಗಿತ್ತು. ಆದರೆ ಆಗ ಟಿಕೆಟ್ಟು ಮೇಲಿತ್ತು. ಇಳಿಯಲಿ ಎಂದು ಕಾದೆ. ದಿನಾ ಬೆಳಿಗ್ಗೆ ಫೋನಿನಲ್ಲಿ ನೋಡುತ್ತಿದ್ದೆ. ಮೂರು ತಿಂಗಳಾದ ಮೇಲೆ ಒಂದು ದಿನ ಅರ್ಧಕ್ಕೆ ಇಳಿಯಿತು. ಸಂತೆಯಲ್ಲಿ ಜೋಡಿ ಎತ್ತು ಕುದುರಿಸಿದಷ್ಟು ಖುಷಿಯಾಗಿ, ರತ್ನಮ್ಮನನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ನನಗೆ ಗೊತ್ತಿದ್ದ ಹೊಲಗಳು ಒಂದೂ ಇಲ್ಲ. ಎಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡಿದ್ದೆನೋ ಅಲ್ಲಿ ಈಗ ಪಾರ್ಕಿಂಗು. ಇದನ್ನು ರತ್ನಮ್ಮನಿಗೆ ಹೇಳಿದರೆ ಅವಳು ಹ್ಞೂಂ ಎಂದಳಷ್ಟೇ. ಈಚೀಚೆಗೆ ಅವಳ ಮಾತೆಲ್ಲ ಹ್ಞೂಂ, ಊಹೂಂಗೆ ಬಂದಿತ್ತು. ನನ್ನ ಮಾತಿಗೆ ಎದುರಾಡುವುದನ್ನು ಬಿಟ್ಟಳು, ವಯಸ್ಸಿಗೆ ಬುದ್ಧಿ ಬಂತು ಅಂದುಕೊಂಡಿದ್ದೆ.

ನನಗೆ ನಿಪ್ಪಟ್ಟು ಕಟ್ಟಿಕೊಂಡಿದ್ದಳು, ತನಗೆ ಹುರಿಹಿಟ್ಟು. ವಿಮಾನದಲ್ಲಿ ಕೊಟ್ಟ ಬನ್ನನ್ನು ನೀರಿನಲ್ಲಿ ಅದ್ದಿ, ಚಿಟಿಕೆ ಚಿಟಿಕೆ ಮಾಡಿ ಬಾಯೊಳಗೆ ತಳ್ಳಿಕೊಳ್ಳುತ್ತಿದ್ದಳು.

“ಕೋಳಿಗೆ ಕಾಳು ಹಾಕ್ದಂಗೆ ತಿಂತೀಯಲ್ಲೇ. ಬಾಯಿ ಅಗಲ ತೆಗಿ.”

“ತೆಗಿಯಾದೇ ಇಷ್ಟು” ಅಂದಳು.

ಕಾಸು ಕೊಟ್ಟ ಊಟ ದಂಡವಾಗುತ್ತದೆಂದು ಅವಳ ಅನ್ನವನ್ನೂ ನಾನೇ ತಿಂದೆ.

ಸೈಗಾನ್, ಮೊದಲ ದಿನ

ನಕ್ಷೆಯಲ್ಲಿ ಈ ಊರಿಗೆ ಬೇರೆ ಹೆಸರಿದೆ, ಜನ ಸೈಗಾನ್ ಅಂತಲೇ ಅನ್ನುತ್ತಾರೆ. ರಸ್ತೆ ಎಂದರೆ ಸ್ಕೂಟರುಗಳ ಹೊಳೆ. ನಮ್ಮಲ್ಲಿ ರಸ್ತೆ ದಾಟುವವನು ಕೈ ತೋರಿಸುತ್ತಾನೆ, ಓಡುತ್ತಾನೆ, ಬೈಯುತ್ತಾನೆ. ಅಲ್ಲಿ ಇದ್ಯಾವುದೂ ನಡೆಯುವುದಿಲ್ಲ. ನಿಧಾನವಾಗಿ, ನಿಲ್ಲದೆ ನಡೆಯುತ್ತಲೇ ಇರಬೇಕು, ಅವರು ಸುತ್ತುಹಾಕಿ ಹೋಗುತ್ತಾರೆ. ನಾನು ಮೂರು ಸಲ ನಡುರಸ್ತೆಯಿಂದ ಹಿಂದಕ್ಕೆ ಓಡಿಬಂದೆ. ರತ್ನಮ್ಮ ಸೆರಗು ಬಿಗಿದು ಒಂದೇ ಸಲಕ್ಕೆ ದಾಟಿ, ಆಚೆ ನಿಂತು ನನ್ನನ್ನು ನೋಡುತ್ತಿದ್ದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಬಾಯಿಗೆ ಸೆರಗು ಅಡ್ಡವಿತ್ತು.

ಜನ ಫುಟ್‌ಪಾತಿನ ಮೇಲೆ ನಮ್ಮ ಅಂಗನವಾಡಿ ಮಕ್ಕಳ ಸ್ಟೂಲಿನಂಥದ್ದರಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು ಕಾಫಿ ಕುಡಿಯುತ್ತಾರೆ. ಮಧ್ಯಾಹ್ನ ಅಂಗಡಿಯವರು ಅಂಗಡಿಯಲ್ಲೇ ಜೋಲಿ ಕಟ್ಟಿ ಮಲಗುತ್ತಾರೆ. ಗಿರಾಕಿ ಎಬ್ಬಿಸಬೇಕು.

ಮಾರ್ಕೆಟ್ಟಿನಲ್ಲಿ ರೇಟು ಬಾಯಲ್ಲಿ ಹೇಳುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುತ್ತಾರೆ, ನಾವು ಅಳಿಸಿ ನಮ್ಮದನ್ನು ಒತ್ತಬೇಕು. ಟವಲ್ ಇಲ್ಲದ ಟವಲ್ ವ್ಯಾಪಾರ. ನನಗೆ ತೌರಿಗೆ ಬಂದಂತಾಯಿತು. ಆಗ ತಾನೇ ಬಾಗಿಲು ತೆಗೆದ ಒಂದು ಅಂಗಡಿಯಲ್ಲಿ ಮೊಮ್ಮಗಳಿಗೆ ಒಂದು ಟೋಪಿ ಹಿಡಿದುಕೊಂಡು ಬಹಳ ಹೊತ್ತು ಗುದ್ದಾಡಿದೆ. ಆಕೆ ಇಳಿಯಲಿಲ್ಲ. ಟೋಪಿ ಇಟ್ಟು ಹೊರಟೆ. ಆಕೆ ಕರೆಯಲಿಲ್ಲ. ಒಂದು ಕಾಗದದ ಚೂರಿಗೆ ಬೆಂಕಿ ಹಚ್ಚಿ, ಅಂಗಡಿಯ ಸಾಮಾನಿನ ಮೇಲೆಲ್ಲ ಆಡಿಸಿ, ನಾನು ಹೋದ ದಿಕ್ಕಿಗೆ ಎಸೆದಳು. ನಾವು ಮಕ್ಕಳಿಗೆ ದೃಷ್ಟಿ ತೆಗೆಯುತ್ತೇವಲ್ಲ, ಹಾಗೆ.

ಹೋಟೆಲಿನವನು ಆಮೇಲೆ ಬಿಡಿಸಿ ಹೇಳಿದ. ಅಲ್ಲೂ ಬೋಣಿ ಇದೆ. ಮೊದಲ ಗಿರಾಕಿ ಚೌಕಾಶಿ ಮಾಡಿ ಕೊಳ್ಳದೆ ಹೋದರೆ ಇಡೀ ದಿನ ಕೆಡುತ್ತದಂತೆ. ಅವನ ಪೀಡೆಯನ್ನು ಸುಟ್ಟು ಕಳೆಯಬೇಕು.

“ಕೊಂಡ್ಕೊಂಡ್ರೆ ಏನಾಗ್ತಿತ್ತು?” ಅಂದಳು ರತ್ನಮ್ಮ. “ಪರದೇಸದಲ್ಲೂ ಪೀಡೆ ಅನ್ನಿಸ್ಕಂಡ್ರಲ್ಲ.”

ನಾನು ಕೇಳಿಸಿಕೊಂಡಿದ್ದು ಬೇರೆ. ಇಲ್ಲಿಯವರಿಗೂ ಬೋಣಿ ಅಂದರೆ ಭಯವಿದೆ. ಹಾಗಾದರೆ ನಾಳೆ ದವಾಖಾನೆಗೆ ನಾವೇ ಮೊದಲು ಹೋಗಬೇಕು.

ಎಲೆಯ ಮುದುಕಿ

ಅದೇ ಸಂಜೆ ಮಾರ್ಕೆಟ್ಟಿನ ಹಿಂದುಗಡೆ ಒಬ್ಬ ಮುದುಕಿ ವೀಳ್ಯದೆಲೆ, ಹಸಿ ಅಡಿಕೆ, ಸುಣ್ಣ ಹರವಿಕೊಂಡು ಕೂತಿದ್ದಳು. ತುಟಿ ಕೆಂಪು, ಹಲ್ಲು ಕರಿ. ರತ್ನಮ್ಮ ಅಲ್ಲಿಂದ ಅಲ್ಲಾಡಲಿಲ್ಲ. ಅಷ್ಟು ದೂರ ಹಾರಿ ಬಂದ ಮೇಲೆ ಅವಳಿಗೆ ಅರ್ಥವಾದ ಮೊದಲ ಅಂಗಡಿ ಅದು. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪರ್ಸಿನಿಂದ ಕಡ್ಡಿಪುಡಿ ತೆಗೆದು ಕೊಟ್ಟಳು. ಮುದುಕಿ ಮೂಸಿ ನೋಡಿ, ಕೆಮ್ಮಿ, ನಕ್ಕು, ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಚಿಕೊಟ್ಟಳು. ಕಾಸು ಬೇಡವೆಂದಳು.

ಎಲೆ ರತ್ನಮ್ಮನ ಬಾಯಿಗೆ ಹೋಗಲಿಲ್ಲ. ಬಿಚ್ಚಿ ಅರ್ಧ ಮಾಡಿದಳು. ಅದೂ ಹೋಗಲಿಲ್ಲ. ಕಾಲು ಮಾಡಿ ಬೆರಳಿನಿಂದ ಒಳಕ್ಕೆ ಒತ್ತಿದಳು, ಕಣ್ಣಲ್ಲಿ ನೀರು ಬಂತು. ಮುದುಕಿ ನಗುವುದನ್ನು ನಿಲ್ಲಿಸಿದಳು. ತನ್ನ ಕೆನ್ನೆ ಮುಟ್ಟಿಕೊಂಡು, ರತ್ನಮ್ಮನ ಕೆನ್ನೆ ಮುಟ್ಟಿ, ನನ್ನ ಕಡೆ ತಿರುಗಿ ಏನೋ ಹೇಳಿದಳು. ಜೋರಾಗಿ, ಎರಡು ಸಲ. ಸುಣ್ಣ ಜಾಸ್ತಿಯಾಗಿದೆ ಅನ್ನುತ್ತಿದ್ದಾಳೆ ಅಂದುಕೊಂಡು ತಲೆಯಾಡಿಸಿದೆ.

ಎರಡನೇ ದಿನ, ದವಾಖಾನೆ

ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆವು. ಡಾಕ್ಟರು ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಅವರ ಮಾತನ್ನು ಕನ್ನಡ ಮಾಡಿ ಹೇಳುವ ಸೌಕರ್ಯ ನನ್ನ ಫೋನಿನಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟೆ. ಒಳಗಿನಿಂದ ವಾರ್ತೆ ಓದುವವರ ಥರದ ಒಂದು ಹೆಣ್ಣಿನ ದನಿ ಬರುತ್ತಿತ್ತು.

ರತ್ನಮ್ಮನ ಬಾಯಿ ತೆಗೆಸಿ ಡಾಕ್ಟರು ದೀಪ ಬಿಟ್ಟರು. ನೋಡುತ್ತಲೇ ಇದ್ದರು. ಆಮೇಲೆ ತಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ನಿಲ್ಲಿಸಿ, ತಮ್ಮ ಬಾಯೊಳಗೇ ಹಾಕಿ ನನಗೆ ತೋರಿಸಿದರು. ನನಗೂ ಹಾಗೆ ಮಾಡೆಂದು ಸನ್ನೆ ಮಾಡಿದರು. ನನ್ನ ಮೂರು ಬೆರಳೂ ಸಲೀಸಾಗಿ ಹೋದವು. ರತ್ನಮ್ಮನ ಹಲ್ಲಿನ ನಡುವೆ ಒಂದು ಬೆರಳು ಹೋಯಿತು. ಎರಡನೆಯದು ಉಗುರಿನವರೆಗೆ ಹೋಗಿ ನಿಂತಿತು.

“ಇವರು ವೀಳ್ಯದೆಲೆ ಜಗಿಯುತ್ತಾರೆಯೇ?” ಅಂದಿತು ಫೋನು. ಹೌದೆಂದೆ. “ನನ್ನ ಅಜ್ಜಿಯೂ ಜಗಿಯುತ್ತಿದ್ದರು” ಅಂದಿತು.  

ಡಾಕ್ಟರು ನನ್ನ ತೋಳು ಹಿಡಿದು ದೀಪದ ಕೆಳಗೆ ಬಗ್ಗಿಸಿದರು. ನೋಡಿದೆ. ಒಳಗೆ ಕೆನ್ನೆ ಬೆಳ್ಳಗೆ ಬಿಗಿದುಕೊಂಡಿತ್ತು. ಅಲ್ಲಾಡುವ ಹಲ್ಲಿನ ಪಕ್ಕ, ನಮ್ಮ ಒಂದು ರೂಪಾಯಿ ಬಿಲ್ಲೆಯಷ್ಟು ಅಗಲ, ಅಂಚು ಎದ್ದ ಹುಣ್ಣು. ಹೊಸಕೋಟೆಯಲ್ಲಿ ಅದು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಆಗ ನಾನು ನೋಡಿರಲಿಲ್ಲ.

“ನಿಮ್ಮ ದೇಶದಲ್ಲಿ ಇದನ್ನು ಪರೀಕ್ಷೆ ಮಾಡಿಸಲು ಯಾರೂ ಹೇಳಲಿಲ್ಲವೇ?”

“ಯಾರೂ ಹೇಳ್ಲಿಲ್ಲ” ಅಂದೆ.

ರತ್ನಮ್ಮ ಕುರ್ಚಿಯಲ್ಲಿ ಒರಗಿದ್ದವಳು ಪರ್ಸು ತೆಗೆದಳು. ಎಕ್ಸರೇ ಕೊಡೋಣವೆಂದು ತೆಗೆದದ್ದು, ಅದರ ಜೊತೆ ಪಟ್ಟಿಯ ಕಾಗದವೂ ಬಂತು. ಇಂಗ್ಲಿಷಿನ ಕಾಗದ. ಡಾಕ್ಟರು ಓದಿದರು. ಗೀಟು ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆಗೆ ತಿರುಗಿಸಿದರು. ಫೋನು ಹೇಳಿತು, “ಇಲ್ಲಿ ಬರೆದಿದ್ದಾರೆ. ಇದನ್ನು ಹೊಡೆದುಹಾಕಿದವರು ಯಾರು?”

ಅದು ನಮ್ಮ ಭಾಷೆಯಲ್ಲೇ, ಅವಳಿಗೆ ಕೇಳುವಂತೆಯೇ ಹೇಳಿತು. ಗೀಟು ನೀಲಿ ಶಾಯಿಯದು, ಉದ್ದಕ್ಕೆ, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಟ್ರಾಕ್ಟರಿನ ಪಟ್ಟಿಗಳಲ್ಲಿ ಅಂಥ ಗೀಟುಗಳನ್ನು ರತ್ನಮ್ಮ ನೂರಾರು ನೋಡಿದ್ದಾಳೆ. ಅವಳು ನನ್ನನ್ನು ನೋಡಿದಳು. ನಾನು ಕಾಗದ ನೋಡಿದೆ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಚೌಕಾಶಿಗೆ ನಿಂತೆ. ಬೇರೇನೂ ತಿಳಿಯದಾಗ ನನ್ನ ನಾಲಗೆ ಅಲ್ಲಿಗೇ ಹೋಗುತ್ತದೆ. ಅಲ್ಲಾಡೋ ಹಲ್ಲಷ್ಟೇ ಕೀಳಿ, ಹುಣ್ಣಿನ ವಿಷಯ ಊರಲ್ಲಿ ನೋಡಿಕೊಳ್ತೀವಿ ಅಂದೆ. ಇಲ್ಲ ಎಂದರು. ನೀವು ಕೇಳುವುದಕ್ಕಿಂತ ಮೇಲೆ ಕೊಡುತ್ತೇನೆ ಅಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ಆಡಿದ್ದು.

“ನಾನು ಈ ಬಾಯಿಯಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ನಿಮ್ಮಿಂದ ಹಣ ತೆಗೆದುಕೊಳ್ಳುವುದಿಲ್ಲ. ನೀವು ಮನೆಗೆ ಹೋಗಬೇಕು.”

ಬೋಣಿ ಗಿರಾಕಿಗೆ ಹೀಗೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಇದೂ ವ್ಯಾಪಾರದ ಒಂದು ಪಟ್ಟೇ ಅಂದುಕೊಂಡು, ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೆ. “ಬಾ ರತ್ನಾ” ಅಂದೆ.

ಅವಳು ಏಳಲಿಲ್ಲ. “ನೀವ್ ನಡ್ಕಂಡ್ ಹೋಗಿ” ಅಂದಳು. “ಹತ್ತು ಹೆಜ್ಜೆ ಅಲ್ವಾ.”

ದವಾಖಾನೆಯ ಮುಂದಿನ ಫುಟ್‌ಪಾತು

ಹತ್ತು ಹೆಜ್ಜೆಗೆ ಯಾರೂ ಕರೆಯಲಿಲ್ಲ. ಹದಿನೈದಕ್ಕೂ ಕರೆಯಲಿಲ್ಲ. ಇಪ್ಪತ್ತಕ್ಕೆ ರಸ್ತೆಯ ಅಂಚು ಬಂತು, ಮುಂದೆ ಸ್ಕೂಟರುಗಳು. ಅಲ್ಲಿ ನಿಂತೆ. ಪಕ್ಕದ ಕಾಫಿಯವಳು ಸ್ಟೂಲು ಕೊಟ್ಟಳು, ಕೂರಲಿಲ್ಲ. ನಾನೇ ಕಲಿಸಿದ ಪಾಠ ಮುರಿದು ತಿರುಗಿ ನೋಡಿದೆ.

ಗಾಜಿನ ಒಳಗೆ ಡಾಕ್ಟರು ರತ್ನಮ್ಮನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಿದ್ದರು. ಒಂದು ಕೈಯಲ್ಲಿ ಅವಳ ಕೈ ಹಿಡಿದಿದ್ದರು, ಇನ್ನೊಂದರಲ್ಲಿ ಏನೋ ಬರೆಯುತ್ತಿದ್ದರು. ರತ್ನಮ್ಮನ ಭುಜ ಅಲುಗುತ್ತಿತ್ತು. ಅಳುತ್ತಿರುವ ಬಾಯಿಯೂ ಅಗಲವಾಗಿ ತೆರೆಯುತ್ತಿರಲಿಲ್ಲ.

ಬಿಟ್ಟು ಹೊರಟ ವ್ಯಾಪಾರಕ್ಕೆ ನಾನಾಗಿ ಮರಳಿದ್ದು ಅದೊಂದೇ ಸಲ. ಡಾಕ್ಟರು ಬರೆದಿದ್ದ ಕಾಗದ ಕೈಗಿಟ್ಟರು. ನೋಡಿದ್ದಕ್ಕೆ ಎಷ್ಟು ಎಂದು ಕೇಳಿದೆ. ಅಂಗೈ ಅಡ್ಡ ಆಡಿಸಿದರು. ಹೋಟೆಲಿನಲ್ಲಿ ಇನ್ನೂ ನಾಲ್ಕು ದಿನ ಇತ್ತು, ದೋಣಿಯಲ್ಲಿ ಹೊಳೆ ನೋಡುವ ಟಿಕೆಟ್ಟೂ ಇತ್ತು. ಅದನ್ನೆಲ್ಲ ಬಿಟ್ಟು, ಕೇಳಿದಷ್ಟು ಕೊಟ್ಟು ಮರುದಿನದ ವಿಮಾನ ಹಿಡಿದೆವು. ರತ್ನಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಒಂದೇ ಒಂದು ಸಲ ಮಾತಾಡಿದಳು.

“ಆ ಹುಡ್ಗಿ, ಹೊಸಕೋಟೆ ಡಾಕ್ಟ್ರು. ನೀವ್ ಎದ್ ಬಂದಾಗ ಹಿಂದಿಂದ ಕೂಗಿದ್ದು ಇದ್ನೇನಾ?”

“ಹ್ಞೂಂ” ಅಂದೆ.

ಬೆಂಗಳೂರು

ಅಲ್ಲಿಂದ ಎಲ್ಲವೂ ಬೇಗ ಬೇಗ ಆಯಿತು. ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದರು. ಕ್ಯಾನ್ಸರ್ ಅಂದರು. ಕೆಳದವಡೆಯ ಎಡಭಾಗವನ್ನೂ ಕೆನ್ನೆಯ ಒಳಗನ್ನೂ ತೆಗೆಯಬೇಕು, ತೊಡೆಯ ಮಾಂಸ ತಂದು ಅಲ್ಲಿ ಹೊಲಿಯಬೇಕು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು ಅಂದರು. ಆಪರೇಷನ್ ಮಾಡುವ ಡಾಕ್ಟರು ಖರ್ಚಿನ ಕಾಗದ ಮುಂದಿಟ್ಟು ಪೆನ್ನು ಕೊಟ್ಟರು. ಎಲ್ಲಿ ಎಂದರೆ ಅಲ್ಲಿ ಸಹಿ ಹಾಕಿದೆ.

“ಏನಾದ್ರೂ ಕೇಳೋದಿದ್ಯಾ?”

“ಮೂರು ತಿಂಗಳು ಮುಂಚೆ ಬಂದಿದ್ರೆ ಸಾರ್?”

“ಚಿಕ್ಕದಿರ್ತಿತ್ತು.”

“ಎಷ್ಟು ಚಿಕ್ಕದು? ಮೂಳೆ ಉಳೀತಿತ್ತಾ?”

“ಅದನ್ನ ಈಗ ಹೇಳೋಕಾಗಲ್ಲಪ್ಪ.”

“ಅಂದಾಜು ಹೇಳಿ ಸಾರ್. ಒಂದು ತಿಂಗಳು ಮುಂಚೆ ಅಂದ್ರೆ? ಹದಿನೈದು ದಿನ?”

ಡಾಕ್ಟರು ಫೈಲು ಮುಚ್ಚಿದರು. ಟಿಕೆಟ್ಟು ಇಳಿಯಲೆಂದು ಕಾದ ದಿನಗಳನ್ನು ನಾನು ಆಗ ಅವರ ಹತ್ತಿರ ಇಳಿಸುತ್ತಿದ್ದೆ. ಅವರು ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ.

ಮನೆ

ಚೌಕಾಶಿ ಮಾಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರವೂ ಮಾಡಿ. ಯಾವ ಹಲ್ಲು, ಏತರಲ್ಲಿ ಮಾಡಿದ್ದು, ಕಂತು ಎಷ್ಟು, ಕೇಳಿ. ಕೀಳುವುದಕ್ಕೆ, ಕಟ್ಟುವುದಕ್ಕೆ ಗುದ್ದಾಡಿ. ನೋಡುವುದಕ್ಕೆ ಮಾತ್ರ ಬೇಡ. ಪೆನ್ನು ಅವರ ಕೈಯಲ್ಲೇ ಇರಲಿ. ಸಾಧ್ಯವಾದರೆ ಇವತ್ತು ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಇರುವವರೆಲ್ಲರ ಬಾಯಿಗೆ ಮೂರು ಬೆರಳು ಹೋಗುತ್ತವಾ ನೋಡಿ. ಇದಕ್ಕೆ ವಿಮಾನ ಬೇಕಾಗಿಲ್ಲ.

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಹೊಸಕೋಟೆಯ ಆ ಹುಡುಗಿಯ ಹತ್ತಿರ ಹೋಗಿ ನಡೆದದ್ದನ್ನು ಹೇಳಿ ಬಂದೆ. ಅವಳು ನನ್ನನ್ನು ಬೈಯಲಿಲ್ಲ. ಐಸ್‌ಕ್ರೀಮಿನ ಕಡ್ಡಿಯಂಥ ಕಡ್ಡಿಗಳ ಒಂದು ಕಟ್ಟು ಕೊಟ್ಟಳು. ಅವನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಸಂದಿಗೆ ತೂರಿಸಿ, ಬಾಯನ್ನು ಬಲವಂತವಾಗಿ ಬಿಡಿಸಿ ಹಿಡಿಯಬೇಕು. ದಿನಕ್ಕೆ ಹತ್ತು ಸಲ. “ನೋವು ಅಂತ ಬಿಟ್ರೆ ಕಟ್ಕೊಂಡ್ಬಿಡುತ್ತೆ ಸಾರ್. ಆಮೇಲೆ ಗಂಜೀನೂ ಪೈಪಲ್ಲೇ. ಕಮ್ಮಿ ಮಾಡ್ಬೇಡಿ” ಅಂದಳು. 

ರತ್ನಮ್ಮನ ಮಾತು ಈಗ ಇಲ್ಲವೆನ್ನುವಷ್ಟು ಕಡಿಮೆ. ಮುಖ ಒಂದು ಕಡೆ ಒಳಕ್ಕೆ ಹೋಗಿದೆ. ಬೆಳಿಗ್ಗೆ ಬಿಸಿಲಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸುತ್ತೇನೆ, ಜೊಲ್ಲು ಒರೆಸಲು ನನ್ನ ಟವಲ್ ಅವಳ ತೊಡೆಯ ಮೇಲಿರುತ್ತದೆ. ಇವತ್ತು ನಾನು ಕಡ್ಡಿಗಳನ್ನು ಎಣಿಸುತ್ತಿರುವಾಗ ಅವಳು ಆ ಟವಲ್ಲಿನ ಕೆಳಗಿನಿಂದ ಕೈ ಚಾಚಿ ನನ್ನ ಕೈ ಎಳೆದುಕೊಂಡಳು. ಮೂರು ಬೆರಳು ಹಿಡಿದು ಒತ್ತಿದಳು, ದಿನಕ್ಕೆ ಹತ್ತು ಸಲ ಬೇಡ, ಮೂರು ಸಾಕು ಅಂತ. ಈ ಲೆಕ್ಕವನ್ನು ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಟವಲ್ಲಿನ ಆಚೆ ನಿಂತು ಎಷ್ಟು ವರ್ಷ ನೋಡಿದ್ದಳೋ.

ನಾನು ಅವಳ ಐದೂ ಬೆರಳು ಹಿಡಿದೆ. ಬಿಟ್ಟೆ. ಮತ್ತೆ ಐದೂ ಹಿಡಿದೆ.

ಅವಳು ತಲೆ ಅಲ್ಲಾಡಿಸಿದಳು. ಕಣ್ಣು ತುಂಬಿತ್ತು. ನಾಲ್ಕು ಒತ್ತಿದಳು. ನಾನು ಹತ್ತರಿಂದ ಇಳಿಯಲಿಲ್ಲ. ಐದು ಒತ್ತಿ, ಬಿಡದೆ ಹಿಡಿದುಕೊಂಡಳು.

ನಾನು ಟವಲ್ ಸರಿಸಿ ಕಡ್ಡಿಗಳನ್ನು ಎತ್ತಿಕೊಂಡೆ.

“ಬಾಯಿ ತೆಗಿ ರತ್ನಾ” ಅಂದೆ.